ಒಂದೇ ಅಳತೆಯ ಸೂಕ್ಷ್ಮಗೋಲಗಳು

ಐದು ಬೆರಳುಗಳೂ ಒಂದೇ ಸಮವಿರುವುದಿಲ್ಲವೆಂಬುದು ನಮ್ಮ ಹಿರಿಯರ ಮಾತು. ಸೃಷ್ಟಿಯಲ್ಲಿ ಎಲ್ಲಿ ನೋಡಿದರೂ ಈ ಮಾತಿಗೆ ಸಾಕ್ಷ್ಯವು ದೊರೆಯುವುದು. ಒಂದು ಮರದ ಎರಡು ಎಲೆಗಳು ಒಂದರಂತೆ ಮತ್ತೊಂದು ಇರಲಾರವು. ಒಂದೇ ತೆನೆಯ ರಾಗಿಯನ್ನು ಭೂತಗನ್ನಡಿಯ ಕೆಳಗೆ ಹರವಿ ನೋಡಿದರೆ ಒಂದು ಕಾಳು ದಪ್ಪವಾಗಿಯೂ ಇನ್ನೊಂದು ಸಣ್ಣದಾಗಿಯೂ ಕಾಣುವುದು. ಹೀಗಿರುವಲ್ಲಿ, ಒಂದು ಚಮಚ ನೀರಿನೊಳಗೆ ಸಾವಿರಾರು ಕೋಟಿ ಗುಂಡುಗಳು ತೇಲುತ್ತಿದ್ದು, ಅವು ಯಾವತ್ತೂ ಚೆನ್ನಾಗಿ ದುಂಡಗಿದ್ದು, ನೂರಕ್ಕೆ ಒಂದೆರಡು ಪಾಲಿಗಿಂತ ಹೆಚ್ಚಿನ ಭೇದವಿಲ್ಲದೆ ಒಂದೇ ಗಾತ್ರವುಳ್ಳವುಗಳಾಗಿವೆಯೆಂದು ಹೇಳಿದರೆ ಕೇಳಿದವರಿಗೆ ಕೌತುಕವಾಗದಿರದು. ಅಂಥ ಗುಂಡುಗಳನ್ನು ಮನುಷ್ಯನು ಮಾಡಲು ಕಲಿತಿದ್ದಾನೆ. ಅಷ್ಟೇ ಅಲ್ಲ, ಇಂತಿಷ್ಟೇ ಗಾತ್ರವಿರಲಿ ಎಂದು ಮೊದಲೇ ನಿಶ್ಚಯಿಸಿ ಆ ಗಾತ್ರಕ್ಕೆ ತರಲೂ ಕಲಿತಿದ್ದಾನೆ.

ನಮ್ಮಲ್ಲಿ ಓದಿ ಹೋದ ಹೆಣ್ಣುಮಕ್ಕಳಲ್ಲಿ ಅನೇಕರು ಈಗ ದಾದಿಯರಾಗಿಯೂ ವೈದ್ಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಗೃಹಿಣಿಯರಾಗಿಯೂ ಇದ್ದಾರೆ. ಅವರೆಲ್ಲರೂ ಈ ಗೋಲಗಳ ಉಪಕಾರವನ್ನು ಹೆಸರು ತಿಳಿಯದೆಯೇ ಪಡೆದಿರುವರು. ಆದುದರಿಂದ ಈ ಸ್ಮರಣ ಸಂಚಿಕೆಯಲ್ಲಿ ಇವುಗಳ ಹುಟ್ಟು, ಬೆಳವಣಿಗೆ, ಪ್ರಯೋಜನ ಇವುಗಳನ್ನು ಕುರಿತು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ತಿಳಿಯುವಂತೆ ನಾಲ್ಕು ಮಾತುಗಳನ್ನು ಬರೆಯಬೇಕೆಂದು ಮನಸ್ಸು ಮಾಡಿದ್ದೇವೆ.

ಅಳತೆ ಮತ್ತು ಪದಾರ್ಥ

ಮೊದಲು ಅಳತೆಯನ್ನು ತಿಳಿದುಕೊಳ್ಳೋಣ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಮೈಕ್ರಾನನ್ನು ಪುನಃ ಸಾವಿರ ಪಾಲು ಮಾಡಿದರೆ ಬರುವುದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪವು ಸಾಮಾನ್ಯವಾಗಿ ೫೦ರಿಂದ ೧೦೦ ಮೈಕ್ರಾನ್. ರಕ್ತದ ಕೆಂಪುಕಣದ ಅಡ್ಡಳತೆ ೭-೮ ಮೈಕ್ರಾನ್. ನಾವು ಹೇಳಹೊರಟ ಗೋಲಗಳ ವ್ಯಾಸವು ೧೦೦ ನ್ಯಾನೋಮೀಟರಿನಿಂದ ತೊಡಗಿ ಹತ್ತಾರು ಮೈಕ್ರಾನುಗಳ ವರೆಗೆ ಇರುವುದು. ಒಂದು ಮೈಕ್ರಾನ್ ವ್ಯಾಸದ ಗೋಲಗಳನ್ನು ಸಾಲಾಗಿ ಇಟ್ಟರೆ ಒಂದು ರಾಗಿಕಾಳಿನ ಅಗಲವನ್ನು ತುಂಬಲು ಸುಮಾರು ೧,೫೦೦ ಗೋಲಗಳು ಬೇಕಾಗುವುವು. ಅಂಥ ಗೋಲಗಳ ಒಂದು ಗ್ರಾಂ ಒಣಪುಡಿಯನ್ನು ತೆಗೆದುಕೊಂಡರೆ ಅದರಲ್ಲಿ ಸುಮಾರು ೧,೮೦,೦೦೦ ಕೋಟಿ ಗೋಲಗಳಿರುವುವೆಂದು ಲೆಕ್ಕದಿಂದ ತಿಳಿದುಬರುವುದು.

ಇನ್ನು ಪದಾರ್ಥದ ಮಾತು. ಸಣ್ಣ ಅಣುಗಳು ಮಣಿಗಳಂತೆ ಒಂದಕ್ಕೊಂದು ಪೋಣಿಸಲ್ಪಟ್ಟು ಬಹು ಉದ್ದವಾದ ಸರವಾದರೆ ಅದಕ್ಕೆ ಪಾಲಿಮರ್ ಎನ್ನುವರು. ಬಿಡಿಮಣಿಗೆ ಮಾನೊಮರ್ ಎನ್ನುವರು. ಹತ್ತಿ, ರೇಷ್ಮೆ, ರಬ್ಬರು, ಅಕ್ಕಿಯ ಗಂಜಿಯಲ್ಲಿರುವ ಪಿಷ್ಟ ಇವೆಲ್ಲವೂ ಈ ಜಾತಿಯವೇ. ಇವು ನಿಜವಾಗಿ ಉದ್ದವಾದ ಸರಗಳೆಂಬ ಸಂಗತಿಯನ್ನು ೧೯೨೦ರಲ್ಲಿ ಪ್ರತಿಪಾದಿಸಿದವರು ಜರ್ಮನಿಯ ಹರ್ಮನ್ ಷ್ಟೌಡಿಂಗರ್. ಆಗ ಅನೇಕ ಪಂಡಿತರು ಅದನ್ನು ಒಪ್ಪಲಿಲ್ಲ. ೧೯೫೩ರಲ್ಲಿ ಅದಕ್ಕಾಗಿಯೇ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಸೂಕ್ಷ್ಮಗೋಲಗಳಿಗೆ ಬಹಳವಾಗಿ ಉಪಯೋಗಿಸುವ ಮಾನೊಮರಿನ ಹೆಸರು ಸ್ಟೈರೀನ್. ಇದನ್ನು ೧೮೩೯ರಲ್ಲಿ ಬರ್ಲಿನ್ ನಗರದ ಔಷಧ ವ್ಯಾಪಾರಿ ಎಡ್ವರ್ಡ್ ಸೀಮೊನ್ ಎಂಬವರು ಒಂದು ಮರದ ಅಂಟಿನಿಂದ ಬಟ್ಟಿಯಿಳಿಸಿದರು. ಆ ಅಂಟು ಬೇರೇನೂ ಅಲ್ಲ, ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಶಿಲಾರಸವೆಂದು ಕರೆಯಲ್ಪಡುವ ಜಾತಿಯ ವಸ್ತು. ಸ್ಟೈರೀನಿನ ಸರವು ಪಾಲಿಸ್ಟೈರೀನ್. ಪೆಟ್ಟಿಗೆಗಳೊಳಗೆ ಇಟ್ಟು ಬರುವ ಥರ್ಮೋಕೋಲ್ ಎಂಬ ಹಗುರವಾದ ಬಿಳಿಯ ಹಲಗೆಯು ಉಬ್ಬಿಸಿದ ಪಾಲಿಸ್ಟೈರೀನೇ ಆಗಿದೆ. ಪದಾರ್ಥವು ಹೀಗೆ ಸಾಮಾನ್ಯವಾದುದು. ಅದನ್ನು ಅಮೂಲ್ಯವಾಗಿ ಮಾಡುವುದು ಅಳತೆಯ ಸಮಾನತೆಯೊಂದೇ.

ಸಮಾನತೆ ಹೇಗೆ ಬರುವುದು?

ಸ್ಟೈರೀನ್ ಎಣ್ಣೆಯಂಥ ದ್ರವ. ನೀರಿನಲ್ಲಿ ಸುಲಭವಾಗಿ ಕರಗದು. ಅದನ್ನು ನೀರಿಗೆ ಹಾಕಿ ಕಡೆಗೋಲಿನಿಂದ ಕಡೆದಂತೆ ಕಡೆದರೆ ಹನಿಗಳಾಗಿ ಒಡೆಯುವುದು. ಆ ಹನಿಗಳನ್ನು ಹಾಗೆಯೇ ಗಟ್ಟಿಮಾಡಿದರೆ ಗುಂಡುಗಳು ದೊರೆಯುವುವು ಸರಿ. ಆದರೆ ಒಂದು ಸಾಸಿವೆಯಷ್ಟು, ಇನ್ನೊಂದು ಗಸಗಸೆಯಷ್ಟು, ಮತ್ತೊಂದು ಕಣ್ಣಿಗೆ ಕಾಣದಷ್ಟು. ಕಡೆಯುವ ಪೆಟ್ಟು ಎಲ್ಲಾ ಹನಿಗಳಿಗೂ ಒಂದೇ ಸಮನಾಗಿ ಬೀಳುವುದಿಲ್ಲವಷ್ಟೆ. ಇವುಗಳನ್ನು ಜರಡಿ ಹಿಡಿದು ಬೇರ್ಪಡಿಸಬಾರದೇಕೆ ಎಂದು ಯಾರಾದರೂ ಕೇಳಬಹುದು. ಮೈಕ್ರಾನಿನ ಅಳತೆಯಲ್ಲಿ ಆ ಕೆಲಸವು ಬಹು ಪ್ರಯಾಸದ್ದು; ಅಲ್ಲದೆ ಹೆಚ್ಚಿನ ಪಾಲು ವ್ಯರ್ಥವಾಗಿ ಹೋಗುವುದು. ಆದ ಕಾರಣ ಹುಟ್ಟಿದ ಮೇಲೆ ಆರಿಸುವುದಕ್ಕಿಂತ ಹುಟ್ಟುವಾಗಲೇ ಸಮವಾಗಿ ಹುಟ್ಟಿಸುವುದು ಮೇಲು.

ಅದರ ಉಪಾಯವು ಹೀಗೆ. ಪಾತ್ರೆಯಲ್ಲಿ ನೀರನ್ನೂ ಸ್ವಲ್ಪ ಸಾಬೂನನ್ನೂ ಸ್ಟೈರೀನನ್ನೂ ಹಾಕಿ, ಒಳಗಿನ ಗಾಳಿಯನ್ನು ಹೊರಡಿಸಿ ಸಾರಜನಕವನ್ನು ತುಂಬಿ, ಸುಮಾರು ೭೦ ಡಿಗ್ರಿ ಸೆಂಟಿಗ್ರೇಡಿಗೆ ಬಿಸಿಮಾಡಿ, ಹಿತವಾಗಿ ತಿರುವುತ್ತಿರುವರು. ಬಳಿಕ ಪೊಟಾಸಿಯಂ ಪರ್‌ಸಲ್ಫೇಟ್ ಎಂಬ ಉಪ್ಪನ್ನು ಕರಗಿಸಿ ಹಾಕುವರು. ಬಿಸಿಗೆ ಆ ಉಪ್ಪಿನ ಅಣುಗಳು ಎರಡಾಗಿ ಒಡೆದು, ಒಡೆದ ತುಂಡುಗಳು ಸ್ಟೈರೀನಿನ ಮಣಿಗಳನ್ನು ಒಂದೊಂದಾಗಿ ಪೋಣಿಸತೊಡಗುವುವು.

ಸಾಬೂನಿನ ಅಣುವಿನ ಒಂದು ತುದಿಗೆ ನೀರು ಪ್ರಿಯ. ಇನ್ನೊಂದು ತುದಿಗೆ ಎಣ್ಣೆ ಪ್ರಿಯ. ನೀರಿನಲ್ಲಿ ಈ ಅಣುಗಳು ಎಣ್ಣೆಪ್ರಿಯವಾದ ತುದಿಗಳನ್ನು ಒಳಗಿಟ್ಟು ಸಣ್ಣ ಸಣ್ಣ ಗುಂಪುಗಳಾಗಿ ಕೂಡುವುವು. ಆ ಗುಂಪಿನ ಒಳಗೆ ಸ್ಟೈರೀನ್ ಸೇರಿಕೊಳ್ಳುವುದು. ಬೆಳೆಯುತ್ತಿರುವ ಸರವೊಂದು ಅದರೊಳಗೆ ಹೊಕ್ಕರೆ ಅಲ್ಲಿ ಗೋಲವೊಂದು ಹುಟ್ಟುವುದು. ಹುಟ್ಟಿದ ಗೋಲವು ದೊಡ್ಡದಾಗುತ್ತ ಬಂದಂತೆ ತನ್ನ ಮೈಯನ್ನು ಹೊದ್ದುಕೊಳ್ಳಲು ಹೆಚ್ಚು ಹೆಚ್ಚು ಸಾಬೂನನ್ನು ಎಳೆದುಕೊಳ್ಳುವುದು. ಸ್ವಲ್ಪ ಹೊತ್ತಿನಲ್ಲಿಯೇ ಹೊಸ ಗುಂಪುಗಳಿಗೆ ಸಾಬೂನು ಉಳಿಯುವುದಿಲ್ಲ. ಅಲ್ಲಿಗೆ ಹುಟ್ಟು ನಿಂತಿತು; ಇನ್ನು ಮೇಲೆ ಬೆಳವಣಿಗೆ ಮಾತ್ರ. ತೇಲುತ್ತಿರುವ ದೊಡ್ಡ ಹನಿಗಳು ಕಣಜಗಳಂತೆ ಇದ್ದು, ಅವುಗಳಿಂದ ಸ್ಟೈರೀನ್ ಕಿಂಚಿತ್ ಕಿಂಚಿತ್ತಾಗಿ ನೀರನ್ನು ಹಾದು ಗೋಲಗಳನ್ನು ತಲಪುವುದು. ಈ ಕ್ರಮದ ಸಿದ್ಧಾಂತವನ್ನು ಅಮೇರಿಕದ ವಿಲಿಯಂ ಹಾರ್ಕಿನ್ಸ್ ೧೯೪೭ರಲ್ಲಿಯೂ, ಅದರ ಗಣಿತವನ್ನು ಸ್ಮಿತ್ ಮತ್ತು ಯೂವರ್ಟ್ ಎಂಬವರು ೧೯೪೮ರಲ್ಲಿಯೂ ಪ್ರಕಟಿಸಿದರು.

ಇಲ್ಲಿ ಅಡಗಿರುವ ರಹಸ್ಯವೇನೆಂದರೆ, ಹುಟ್ಟಿನ ಕಾಲವು ಚಿಕ್ಕದಾಗಿರಬೇಕು, ಬೆಳವಣಿಗೆಯ ಕಾಲವು ದೀರ್ಘವಾಗಿರಬೇಕು. ಎಲ್ಲವೂ ಹೆಚ್ಚುಕಡಿಮೆ ಒಂದೇ ವೇಳೆಗೆ ಹುಟ್ಟಿ, ಎಲ್ಲಕ್ಕೂ ಒಂದೇ ಸಮನಾಗಿ ಆಹಾರ ಸಿಕ್ಕಿದರೆ ಎಲ್ಲವೂ ಒಂದೇ ಗಾತ್ರಕ್ಕೆ ಬರುವುವು. ಮೊದಲು ಇದ್ದ ಅಲ್ಪಸ್ವಲ್ಪ ಭೇದವೂ ಅಳಿಸಿಹೋಗುವುದು. ಇದನ್ನು ಮನೆಯ ಲೆಕ್ಕದಿಂದ ತಿಳಿಯಬಹುದು. ಅಕ್ಕನ ಕೈಯಲ್ಲಿ ಎರಡು ರೂಪಾಯಿ, ತಂಗಿಯ ಕೈಯಲ್ಲಿ ಒಂದು ರೂಪಾಯಿ ಇದೆಯೆನ್ನಿ. ಅಕ್ಕನದು ತಂಗಿಯದರ ಇಮ್ಮಡಿ. ಇಬ್ಬರಿಗೂ ತಲಾ ನೂರು ರೂಪಾಯಿಗಳನ್ನು ಕೊಟ್ಟರೆ ಅಕ್ಕನಲ್ಲಿ ೧೦೨, ತಂಗಿಯಲ್ಲಿ ೧೦೧. ಇಮ್ಮಡಿಯ ಅಂತರವು ನೂರಕ್ಕೆ ಒಂದರಷ್ಟಾಗಿ ಇಳಿಯಿತು. ರೂಪಾಯಿಯ ಸ್ಥಾನದಲ್ಲಿ ಗೋಲದ ಘನಗಾತ್ರವನ್ನು ಇಟ್ಟುಕೊಂಡರೆ ವ್ಯಾಸದ ಅಂತರವು ನೂರಕ್ಕೆ ೨೬ರಿಂದ ನೂರಕ್ಕೆ ಮೂರನೆಯ ಒಂದು ಪಾಲಿಗೆ ಇಳಿಯುವುದು. ಮೊದಲಿನ ಭೇದವು ಎಷ್ಟೆಂಬುದಕ್ಕಿಂತ, ಆಮೇಲೆ ಹಂಚುವ ಕೈ ಸಮವಾಗಿದೆಯೇ ಎಂಬುದೇ ಇಲ್ಲಿ ಮುಖ್ಯ.

ಗಾತ್ರವನ್ನು ಬೇಕಾದಂತೆ ತರುವುದು

ಗಾತ್ರವನ್ನು ನಿಶ್ಚಯಿಸುವುದು ಸಹ ಹಂಚಿಕೆಯ ಲೆಕ್ಕವೇ. ಇಟ್ಟ ಹಿಟ್ಟು ಒಂದೇ ಆದರೆ ಉಂಡೆಗಳು ಹೆಚ್ಚಾದಷ್ಟೂ ಸಣ್ಣವಾಗುವುವು, ಕಡಿಮೆಯಾದಷ್ಟೂ ದೊಡ್ಡವಾಗುವುವು. ಸಾಬೂನು ಹೆಚ್ಚಿದ್ದರೆ ಹೆಚ್ಚು ಗೋಲಗಳು ಹುಟ್ಟಿ ಪ್ರತಿಯೊಂದೂ ಚಿಕ್ಕದಾಗುವುದು. ಸಾಬೂನೇ ಇಲ್ಲದೆಯೂ ಗೋಲಗಳನ್ನು ಮಾಡುವ ಕ್ರಮವೊಂದುಂಟು. ಅದರಲ್ಲಿ ಪರ್‌ಸಲ್ಫೇಟಿನ ತುಂಡುಗಳು ಸರಗಳ ತುದಿಯಲ್ಲಿ ಉಳಿದು ಗೋಲದ ಮೈಗೆ ಋಣವಿದ್ಯುತ್ತನ್ನು ಕೊಡುವುವು. ಒಂದನ್ನೊಂದು ದೂಡುತ್ತ ಗೋಲಗಳು ಅಂಟಿಕೊಳ್ಳದೆ ನಿಲ್ಲುವುವು. ಬಿಸಿಯನ್ನು ಏರಿಸಿದರೆ ಒಮ್ಮೆಗೇ ಹೆಚ್ಚು ಗೋಲಗಳು ಹುಟ್ಟುವುದರಿಂದ ಗಾತ್ರವು ತಗ್ಗುವುದು. ಚಿಟಿಕೆ ಉಪ್ಪನ್ನು ಬೆರಸಿದರೆ ದೂಡುವ ಬಲವು ಕುಗ್ಗಿ, ಎಳೆಯ ಗೋಲಗಳು ಒಂದರೊಡನೊಂದು ಕೂಡಿ, ಸಂಖ್ಯೆ ಕಡಿಮೆಯಾಗಿ ಗಾತ್ರವು ಏರುವುದು. ಉಪ್ಪು ಮಿತಿಮೀರಿದರೆ ಮಾತ್ರ ಎಲ್ಲವೂ ಒಡೆದ ಹಾಲಿನಂತೆ ಗಡ್ಡೆಕಟ್ಟಿ ಕೆಡುವುವು.

ಇನ್ನೂ ನಿಶ್ಚಿತವಾದ ಉಪಾಯವು ಬೀಜಕ್ರಮ. ಸಿದ್ಧವಾದ ಸಣ್ಣ ಗೋಲಗಳನ್ನು ಬೀಜವನ್ನಾಗಿ ಇಟ್ಟುಕೊಂಡು, ಹೊಸ ಗೋಲಗಳು ಹುಟ್ಟದಂತೆ ಎಚ್ಚರವಹಿಸಿ, ಅವುಗಳಿಗೇ ಹೆಚ್ಚು ಸ್ಟೈರೀನನ್ನು ಉಣಿಸುವುದು. ವ್ಯಾಸವು ಇಮ್ಮಡಿಯಾಗಬೇಕಾದರೆ ಘನಗಾತ್ರವು ಎಂಟರಷ್ಟಾಗಬೇಕು. ಆದುದರಿಂದ ಒಂದು ಪಾಲು ಬೀಜಕ್ಕೆ ಏಳು ಪಾಲು ಹೊಸ ಪದಾರ್ಥವು ಸೇರಬೇಕು. ಘನಮೂಲದ ಲೆಕ್ಕವು ಯಾವುದಕ್ಕೆ ಬರುವುದೆಂದು ತರಗತಿಯಲ್ಲಿ ಕೇಳುವ ಹುಡುಗಿಯರಿಗೆ ಇದೊಂದು ಉತ್ತರ.

ಹನಿಗಳನ್ನೇ ಸಮವಾಗಿ ಮಾಡುವ ಮತ್ತೊಂದು ದಾರಿಯೂ ಉಂಟು. ಬೂಂದಿ ಮಾಡುವಾಗ ಹಿಟ್ಟನ್ನು ತೂತುಗಳ ಸೌಟಿನ ಮೇಲೆ ಸುರಿದರೆ ಒಂದೇ ಬಗೆಯ ಹನಿಗಳು ಎಣ್ಣೆಗೆ ಬೀಳುವುವಲ್ಲವೆ? ಜಪಾನಿನ ಮಿಯಾಝಾಕಿ ಎಂಬಲ್ಲಿ ೧೯೮೦ರ ದಶಕದಲ್ಲಿ ಜ್ವಾಲಾಮುಖಿಯ ಬೂದಿಯಿಂದ ಮಾಡಿದ, ಒಂದೇ ಅಳತೆಯ ಸೂಕ್ಷ್ಮರಂಧ್ರಗಳುಳ್ಳ ಗಾಜಿನ ಮೂಲಕ ಎಣ್ಣೆಯನ್ನು ಒತ್ತಿ ನೀರಿಗೆ ಬಿಡುವ ಕ್ರಮವನ್ನು ರೂಢಿಸಿದರು. ಹನಿಯ ವ್ಯಾಸವು ರಂಧ್ರದ ಸುಮಾರು ಮೂರರಷ್ಟಾಗುವುದು. ರಂಧ್ರವನ್ನು ಆರಿಸಿಕೊಂಡರೆ ಹನಿಯನ್ನು ಆರಿಸಿಕೊಂಡಂತೆಯೇ.

ಒಂದು ಶೀಸೆಯ ಕಥೆ, ಒಂದು ತೊಡಕು

ಇಷ್ಟು ಸಮವಾದ ಗೋಲಗಳಿವೆಯೆಂಬುದು ಮೊದಲು ತಿಳಿದುಬಂದುದು ಆಕಸ್ಮಿಕವಾಗಿ. ೧೯೪೭ರ ಸುಮಾರಿಗೆ ಅಮೇರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಬ್ಯಾಕಸ್ ಮತ್ತು ರಾಬ್ಲೀ ವಿಲಿಯಮ್ಸ್ ಎಂಬವರು ಡೌ ರಾಸಾಯನಿಕ ಕಂಪೆನಿಯವರ ಪಾಲಿಸ್ಟೈರೀನ್ ಹಾಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದರು. ಅದರಲ್ಲಿದ್ದ ಗೋಲಗಳು ಒಂದರಂತೆ ಒಂದು ಇದ್ದು, ವ್ಯಾಸವು ಮೈಕ್ರಾನಿನ ಸುಮಾರು ಕಾಲುಪಾಲಿನಷ್ಟಿತ್ತು. ಆ ಕಾಲದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ವಸ್ತುವನ್ನು ನಿಜವಾಗಿ ಎಷ್ಟುಪಟ್ಟು ಹಿಗ್ಗಿಸುವುದೆಂದು ಅಳೆಯುವುದಕ್ಕೆ ಒಳ್ಳೆಯ ಮಾನದಂಡವು ಬೇಕಾಗಿತ್ತು. ವೈರಾಣುವಿನ ಪಕ್ಕದಲ್ಲಿ ಈ ಗೋಲವನ್ನಿಟ್ಟು ಚಿತ್ರ ತೆಗೆದರೆ, ಗೋಲದ ಅಳತೆಯಿಂದ ವೈರಾಣುವಿನ ಅಳತೆಯನ್ನು ತಿಳಿಯಬಹುದಾಯಿತು. ಹೀಗೆ ಒಂದು ಶೀಸೆ ಬಿಳಿಯ ದ್ರವವು ವಿದ್ವಾಂಸರ ಅಳತೆಗೋಲಾಯಿತು.

ಆದರೆ ಮೈಕ್ರಾನಿಗಿಂತ ಎಷ್ಟೋ ದೊಡ್ಡದಾದ, ರಕ್ತಕಣದ ಗಾತ್ರದ ಗೋಲಗಳು ಬೇಕಾದಾಗ ತೊಡಕು ಬಂದಿತು. ಸ್ಟೈರೀನ್ ನೀರಿಗಿಂತ ಹಗುರ. ಪಾಲಿಸ್ಟೈರೀನ್ ನೀರಿಗಿಂತ ತುಸು ಭಾರ. ಆದುದರಿಂದ ಸ್ಟೈರೀನನ್ನು ಉಂಡು ಉಬ್ಬಿದ ದೊಡ್ಡ ಗೋಲವು ಮೊದಲು ಮೇಲಕ್ಕೆ ತೇಲಿ ಕೆನೆಗಟ್ಟುವುದು. ಗಟ್ಟಿಯಾದ ಮೇಲೆ ತಳಕ್ಕೆ ಇಳಿಯುವುದು. ಇದನ್ನು ತಡೆಯಲು ಜೋರಾಗಿ ತಿರುವಿದರೆ ಮೆತ್ತಗಿರುವ ಗೋಲಗಳು ಡಿಕ್ಕಿಹೊಡೆದು ಅಂಟಿಕೊಳ್ಳುವುವು. ತಿರುವದಿದ್ದರೂ ಕೇಡು, ತಿರುವಿದರೂ ಕೇಡು.

ಈ ತೊಡಕಿಗೆ ಎರಡು ದೇಶಗಳಲ್ಲಿ ಎರಡು ಪರಿಹಾರಗಳು ದೊರೆತುವು. ನಾರ್ವೆ ದೇಶದ ಟ್ರಾಂಡ್‌ಹೈಮ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ ಯೂನ್ ಉಗೆಲ್‌ಸ್ತಾದ್ ಅವರು ೧೯೭೦ರ ದಶಕದ ಉತ್ತರಾರ್ಧದಲ್ಲಿ ಒಂದು ಯುಕ್ತಿಯನ್ನು ಕಂಡುಹಿಡಿದರು. ಸಾಮಾನ್ಯವಾಗಿ ಬೀಜಗೋಲವು ತನ್ನ ಗಾತ್ರದ ಕೆಲವು ಪಟ್ಟು ಮಾತ್ರ ಸ್ಟೈರೀನನ್ನು ಹೀರಬಲ್ಲುದು. ಅವರು ನೀರಿನಲ್ಲಿ ಸ್ವಲ್ಪವೂ ಕರಗದ ಸಣ್ಣ ಅಣುಗಳ ವಸ್ತುವೊಂದನ್ನು ಮೊದಲು ಬೀಜಗಳೊಳಗೆ ಸೇರಿಸಿದರು. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಒಳಗಿನ ಸಕ್ಕರೆಯು ಹೊರಗೆ ಬರಲಾರದೆ ನೀರನ್ನೇ ಒಳಕ್ಕೆ ಎಳೆದು ಹಣ್ಣು ಉಬ್ಬುವುದನ್ನು ನಾವು ಕಂಡಿದ್ದೇವೆ. ಹಾಗೆಯೇ ಈ ವಸ್ತುವು ಗೋಲದಿಂದ ಹೊರಬೀಳಲಾರದೆ ಸ್ಟೈರೀನನ್ನು ಒಳಕ್ಕೆ ಎಳೆಯುವುದು. ಈಗ ಗೋಲವು ತನ್ನ ಗಾತ್ರದ ಸಾವಿರ ಪಟ್ಟಿನವರೆಗೂ ಹೀರಬಲ್ಲುದಾಯಿತು. ಘನಗಾತ್ರವು ಸಾವಿರ ಪಟ್ಟಾದರೆ ವ್ಯಾಸವು ಹತ್ತು ಪಟ್ಟು. ಉಬ್ಬಿದ ಗೋಲವನ್ನು ಆಮೇಲೆ ಗಟ್ಟಿಮಾಡಿದರೆ ಹಲವು ದಿನಗಳ ಉಣಿಸುವಿಕೆಯಿಲ್ಲದೆ ದೊಡ್ಡ ಗೋಲಗಳು ಸಮವಾಗಿ ದೊರೆಯುವುವು.

ಎರಡನೆಯದು ಅಮೇರಿಕದ ಪರಿಹಾರ. ತೇಲುವುದಕ್ಕೂ ಮುಳುಗುವುದಕ್ಕೂ ಭಾರವೇ ಕಾರಣವಾದುದರಿಂದ, ಭಾರವೇ ಇಲ್ಲದಂತೆ ತೋರುವ ಸ್ಥಳಕ್ಕೆ ಹೋಗಬೇಕೆಂದು ಲೀಹೈ ವಿಶ್ವವಿದ್ಯಾಲಯದ ಜಾನ್ ವ್ಯಾಂಡರ್‌ಹಾಫ್ ಅವರೂ ನಾಸಾ ಸಂಸ್ಥೆಯವರೂ ಕೂಡಿ ಯೋಚಿಸಿದರು. ೧೯೮೨ರ ಮಾರ್ಚಿ ತಿಂಗಳಲ್ಲಿ ಕೊಲಂಬಿಯಾ ಎಂಬ ಗಗನನೌಕೆಯಲ್ಲಿ ಅವರ ಪಾತ್ರೆಗಳು ಮೊದಲ ಬಾರಿ ಭೂಮಿಯನ್ನು ಸುತ್ತಿದುವು. ಮುಂದಿನ ಯಾತ್ರೆಗಳಲ್ಲಿ ಸುಮಾರು ೧೦ ಮೈಕ್ರಾನಿನ ಗೋಲಗಳು ಸಿದ್ಧವಾದುವು. ಅಮೇರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯವರು ಅವುಗಳ ವ್ಯಾಸವನ್ನು ೯.೮೯ ಮೈಕ್ರಾನ್ ಎಂದು ನಿರ್ಣಯಿಸಿ, ೧೯೮೫ರಲ್ಲಿ ಸಣ್ಣ ಶೀಸೆಗಳಲ್ಲಿ ತುಂಬಿ ಮಾರಿದರು. ಬಾಹ್ಯಾಕಾಶದಲ್ಲಿ ತಯಾರಾಗಿ ಭೂಮಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಸರಕು ಇದೇ. ಆದರೆ ನಿತ್ಯದ ಬಳಕೆಗೆ ಬೇಕಾಗುವಷ್ಟು ಗೋಲಗಳನ್ನು ನೆಲದ ಮೇಲೆ ಮಾಡುವ ದಾರಿಯು ನಾರ್ವೆಯವರ ಯುಕ್ತಿಯಿಂದ ತೆರೆದುಕೊಂಡಿತು.

ರೋಗಿಯ ಹಾಸಿಗೆಯ ಬಳಿಯಲ್ಲಿ

ಉಗೆಲ್‌ಸ್ತಾದ್ ಅವರು ಅಲ್ಲಿಗೇ ನಿಲ್ಲಲಿಲ್ಲ. ಗೋಲಗಳ ಮೈಯೆಲ್ಲ ಸೂಕ್ಷ್ಮರಂಧ್ರಗಳಿರುವಂತೆ ಮಾಡಿ, ಅವುಗಳೊಳಗೆ ಕಬ್ಬಿಣದ ಆಕ್ಸೈಡನ್ನು ಅತಿ ನುಣುಪಾದ ಕಣಗಳಾಗಿ ಕೂಡಿಸಿದರು. ಆ ಕಣಗಳು ಬಹಳ ಸಣ್ಣವಾಗಿರುವುದರಿಂದ ಗೋಲಗಳು ತಾವಾಗಿ ಒಂದನ್ನೊಂದು ಸೆಳೆಯುವುದಿಲ್ಲ; ಅಯಸ್ಕಾಂತವನ್ನು ಹತ್ತಿರ ತಂದರೆ ಓಡಿಹೋಗಿ ಅಂಟಿಕೊಳ್ಳುವುವು, ತೆಗೆದರೆ ಮತ್ತೆ ಬಿಡಿಬಿಡಿಯಾಗುವುವು. ಇಂಥ ಗೋಲಗಳಿಗೆ, ಒಂದು ಜಾತಿಯ ಜೀವಕೋಶವನ್ನು ಮಾತ್ರ ಗುರುತಿಸಿ ಹಿಡಿಯುವ ಪ್ರತಿಕಾಯವೆಂಬ ಸಸಾರಜನಕ ವಸ್ತುವನ್ನು ಲೇಪಿಸಿದರೆ ಅವು ಅಸಂಖ್ಯಾತ ಕೋಶಗಳ ನಡುವೆ ಆ ಜಾತಿಯದನ್ನೇ ಹಿಡಿದು ತರುವುವು.

ಇದರ ಪ್ರಯೋಜನವು ಮೊದಲು ಕಂಡುಬಂದುದು ಎಳೆಯ ಮಕ್ಕಳ ವಿಷಯದಲ್ಲಿ. ನ್ಯೂರೋಬ್ಲಾಸ್ಟೋಮವೆಂಬುದು ಸಣ್ಣ ಮಕ್ಕಳಿಗೆ ಬರುವ ಭಯಂಕರವಾದ ಅರ್ಬುದರೋಗ. ಅದನ್ನು ಕೊಲ್ಲುವಷ್ಟು ತೀವ್ರವಾದ ಔಷಧವನ್ನು ಕೊಟ್ಟರೆ ರಕ್ತವನ್ನು ಹುಟ್ಟಿಸುವ ಎಲುಬಿನ ಮಜ್ಜೆಯೂ ನಾಶವಾಗುವುದು. ಆದುದರಿಂದ ಮಜ್ಜೆಯನ್ನು ಮೊದಲೇ ಸ್ವಲ್ಪ ತೆಗೆದಿಟ್ಟು, ಔಷಧವನ್ನು ಕೊಟ್ಟ ಮೇಲೆ ಹಿಂದಕ್ಕೆ ಕೊಡಬೇಕು. ಆದರೆ ತೆಗೆದಿಟ್ಟ ಮಜ್ಜೆಯಲ್ಲಿಯೇ ರೋಗದ ಕೋಶಗಳು ಅಡಗಿದ್ದರೆ ಗತಿಯೇನು? ಲಂಡನ್ನಿನ ವೈದ್ಯರು ಉಗೆಲ್‌ಸ್ತಾದ್ ಅವರೊಡನೆ ಕೂಡಿ, ಅಯಸ್ಕಾಂತದ ಗೋಲಗಳಿಂದ ಮಜ್ಜೆಯೊಳಗಿನ ರೋಗಕೋಶಗಳನ್ನು ಹಿಡಿದು ತೆಗೆಯುವ ಕ್ರಮವನ್ನು ೧೯೮೪ರಲ್ಲಿ ಪ್ರಕಟಿಸಿದರು. ಗೋಲಗಳು ಸಮವಾಗಿರಬೇಕೆಂಬುದು ಇಲ್ಲಿ ಬರಿಯ ಅಂದದ ಮಾತಲ್ಲ. ಒಂದು ಗೋಲದಲ್ಲಿ ಕಬ್ಬಿಣವು ಕಡಿಮೆಯಾಗಿ ಅದು ನಿಧಾನವಾಗಿ ಸರಿದರೆ, ಅದು ಹಿಡಿದ ರೋಗಕೋಶವು ಹಿಂದೆ ಉಳಿದುಬಿಡಬಹುದು. ಎಲ್ಲವೂ ಒಂದೇ ಗಾತ್ರ, ಒಂದೇ ಭಾರ, ಒಂದೇ ವೇಗದವುಗಳಾದರೆ ಮಾತ್ರ ವೈದ್ಯನು ನೆಚ್ಚಿಕೊಳ್ಳಬಹುದು.

ಇದಕ್ಕಿಂತ ಹಿಂದೆಯೇ, ೧೯೫೬ರಲ್ಲಿ, ಅಮೇರಿಕದ ಸಿಂಗರ್ ಮತ್ತು ಪ್ಲಾಟ್ಸ್ ಎಂಬ ವೈದ್ಯರು ಕೀಲುವಾತದ ಒಂದು ಬಗೆಯನ್ನು ಗುರುತಿಸಲು ಪಾಲಿಸ್ಟೈರೀನ್ ಗೋಲಗಳನ್ನು ಉಪಯೋಗಿಸಿದ್ದರು. ಲೇಪಿಸಿದ ಗೋಲಗಳ ಬಿಳಿಯ ನೀರಿಗೆ ರೋಗಿಯ ರಕ್ತದ ತಿಳಿಯನ್ನು ಬೆರಸಿದಾಗ, ರೋಗದ ಲಕ್ಷಣವಿದ್ದರೆ ಗೋಲಗಳು ಒಂದಕ್ಕೊಂದು ಅಂಟಿ ನೀರು ಹಿಟ್ಟುಹಿಟ್ಟಾಗಿ ಕಾಣುವುದು. ಬರಿಯ ಕಣ್ಣಿನಿಂದ ನೋಡಬಹುದಾದ ಈ ಪರೀಕ್ಷೆಯು ಸಣ್ಣ ಆಸ್ಪತ್ರೆಗಳಿಗೆ ವರವಾಯಿತು. ಗರ್ಭವನ್ನು ಮನೆಯಲ್ಲಿಯೇ ತಿಳಿಯುವ ಕೆಲವು ಪಟ್ಟಿಗಳ ಮೇಲೆ ಮೂಡುವ ನೀಲಿ ಗೆರೆಯು ಸಹ ಬಣ್ಣ ಹಾಕಿದ ಇಂಥ ಗೋಲಗಳ ಸಾಲೇ. ೨೦೨೦ರ ಮಹಾಮಾರಿಯ ಕಾಲದಲ್ಲಿ ನಾವೆಲ್ಲರೂ ಮೂಗಿಗೆ ಕಟ್ಟಿಕೊಂಡ ಮುಖಗವಸುಗಳನ್ನು ನೆನೆಯಿರಿ. ವೈದ್ಯರ ಮುಖಗವಸುಗಳ ಬಟ್ಟೆಯು ಎಷ್ಟು ಸಣ್ಣ ಕಣವನ್ನು ತಡೆಯಬಲ್ಲುದೆಂದು ಪರೀಕ್ಷಿಸುವುದಕ್ಕೆ ೦.೧ ಮೈಕ್ರಾನಿನ ಪಾಲಿಸ್ಟೈರೀನ್ ಗೋಲಗಳನ್ನು ಗಾಳಿಯಲ್ಲಿ ಹಾರಿಸಿ ಬಟ್ಟೆಯ ಮೂಲಕ ಹಾಯಿಸುವ ಕ್ರಮವಿದೆ.

ಗೋಲಗಳಿಂದ ಕಟ್ಟಡ

ಇದುವರೆಗೆ ಒಂದೊಂದು ಗೋಲದ ಕೆಲಸವನ್ನು ನೋಡಿದೆವು. ಸಮಗೋಲಗಳು ಕೂಡಿದಾಗ ಉಂಟಾಗುವ ಕಟ್ಟಡವು ಇನ್ನೂ ಸೋಜಿಗದ್ದು. ಸಂತೆಯಲ್ಲಿ ಕಿತ್ತಳೆಹಣ್ಣುಗಳನ್ನು ಗೋಪುರವಾಗಿ ಒಟ್ಟುವುದನ್ನು ಎಲ್ಲರೂ ನೋಡಿರುವರು. ಹಣ್ಣುಗಳು ಒಂದೇ ಗಾತ್ರದವಾದರೆ ಸಾಲಿನ ಮೇಲೆ ಸಾಲು ತಾನಾಗಿ ಕೂರುವುದು. ನಡುವೆ ಒಂದು ಚಕ್ಕೋತವನ್ನು ತುರುಕಿದರೆ ಸುತ್ತಲಿನ ಸಾಲೆಲ್ಲ ಕೆಡುವುದು. ಒಂದೇ ಬಗೆಯ ಏಳು ನಾಣ್ಯಗಳನ್ನು ಮೇಜಿನ ಮೇಲಿಟ್ಟು ನೋಡಿರಿ: ಒಂದರ ಸುತ್ತ ಸರಿಯಾಗಿ ಆರು ಕೂರುವುವು. ಸೂಕ್ಷ್ಮಗೋಲಗಳ ನೀರು ಮೆಲ್ಲಗೆ ಆರುವಾಗ ಅವು ಹೀಗೆಯೇ ಒತ್ತೊತ್ತಾಗಿ ಕುಳಿತು, ನ್ಯಾನೋಮೀಟರಿನ ಅಳತೆಯ ಕ್ರಮವುಳ್ಳ ಹರಳಾಗುವುವು. ಈ ಹರಳಿನಲ್ಲಿ ನೂರಕ್ಕೆ ೭೪ ಪಾಲು ಗೋಲ, ೨೬ ಪಾಲು ಸಂದು.

ಓಪಲ್ ಎಂಬ ರತ್ನದಲ್ಲಿ ಸೃಷ್ಟಿಯೇ ಈ ಕೆಲಸವನ್ನು ಮಾಡಿಟ್ಟಿದೆ. ಅದನ್ನು ತಿರುಗಿಸಿದಂತೆ ಹಸುರು, ಕೆಂಪು, ನೀಲಿ ಬಣ್ಣಗಳು ಮಿಂಚುವುವು. ಆದರೆ ಒಳಗೆ ಯಾವ ಬಣ್ಣದ ವಸ್ತುವೂ ಇಲ್ಲ. ಈ ಹೊಳಪು ಎಲ್ಲಿಂದ ಬರುವುದೆಂಬ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ ಅವರು ಎ. ಜಯರಾಮನ್ ಅವರೊಡನೆ ವಿಚಾರಿಸಿ ೧೯೫೩ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಬಳಿಕ ೧೯೬೪ರಲ್ಲಿ ಆಸ್ಟ್ರೇಲಿಯದ ಜೆ. ವಿ. ಸ್ಯಾಂಡರ್ಸ್ ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಅದರ ಒಳಗನ್ನು ತೋರಿಸಿಕೊಟ್ಟರು. ಅಲ್ಲಿದ್ದುದು ಮರಳಿನದೇ ಪದಾರ್ಥವಾದ ಸಿಲಿಕದ ಸಮಗೋಲಗಳ ಸಾಲುಸಾಲು. ಸಾಲುಗಳಿಂದ ಹಿಂದಿರುಗುವ ಬೆಳಕಿನ ಅಲೆಗಳಲ್ಲಿ ಸಾಲಿನ ಅಂತರಕ್ಕೆ ಹೊಂದುವ ಬಣ್ಣವು ಬಲಗೊಳ್ಳುವುದು. ಉಳಿದ ಬಣ್ಣಗಳು ಹಾಗೆ ಬಲಗೊಳ್ಳುವುದಿಲ್ಲ.

ಪಾಲಿಸ್ಟೈರೀನ್ ಗೋಲಗಳಿಂದ ಮಾಡಿದ ಹರಳಿಗೂ ಇದೇ ನಿಯಮ. ಎದುರಿನಿಂದ ನೋಡಿದಾಗ ಸುಮಾರು ೨೦೦ ನ್ಯಾನೋಮೀಟರಿನ ಗೋಲಗಳ ಹರಳು ನೀಲಿಯಾಗಿಯೂ, ೨೩೦ರದು ಹಸುರಾಗಿಯೂ, ೨೭೦ರದು ಕೆಂಪಾಗಿಯೂ ಕಾಣಬೇಕೆಂದು ಲೆಕ್ಕವು ಹೇಳುವುದು. ಎಲ್ಲದರ ಪದಾರ್ಥವೂ ಒಂದೇ, ಬಣ್ಣವೆಂಬ ವಸ್ತುವೇ ಇಲ್ಲ. ಗಾತ್ರವನ್ನು ಬದಲಿಸಿದರೆ ಬಣ್ಣವು ಬದಲಾಗುವುದು. ಗೋಲಗಳು ಅಸಮವಾಗಿದ್ದರೆ ಸಾಲು ಕೆಟ್ಟು, ಹರಳು ಬರಿಯ ಸುಣ್ಣದಂತೆ ಬಿಳಿದಾಗಿ ಉಳಿಯುವುದು. ಗಾತ್ರವನ್ನು ಸ್ವಾಧೀನದಲ್ಲಿಟ್ಟುಕೊಳ್ಳುವುದರ ಬೆಲೆಯು ಇದರಿಂದ ಸ್ಪಷ್ಟವಾಗುವುದು.

ಈ ಹರಳನ್ನೇ ಅಚ್ಚನ್ನಾಗಿ ಮಾಡಿಕೊಳ್ಳುವ ಕ್ರಮವು ಆಮೇಲೆ ಬಂದಿತು. ನಮ್ಮ ಎರಕದವರು ಮೇಣದಿಂದ ಮೂರ್ತಿಯನ್ನು ಮಾಡಿ, ಸುತ್ತಲೂ ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ಹೊರಡಿಸುವರಷ್ಟೆ. ಹಾಗೆಯೇ ಗೋಲಗಳ ಸಂದುಗಳಲ್ಲಿ ಸಿಲಿಕವನ್ನೋ ಟೈಟೇನಿಯಂ ಆಕ್ಸೈಡನ್ನೋ ಕೊಡುವ ದ್ರವವನ್ನು ತುಂಬಿ, ಗಟ್ಟಿಯಾದ ಮೇಲೆ ಕುಲುಮೆಯಲ್ಲಿ ಸುಟ್ಟರೆ ಪಾಲಿಸ್ಟೈರೀನ್ ಉರಿದುಹೋಗಿ, ಅದು ಇದ್ದಲ್ಲಿ ದುಂಡಾದ ಪೊಳ್ಳುಗಳು ಉಳಿಯುವುವು. ೧೯೯೭ರಲ್ಲಿ ಓರ್ಲಿನ್ ವೆಲೆವ್ ಮತ್ತು ಅವರ ಸಂಗಡಿಗರು ಸಿಲಿಕದಿಂದಲೂ, ೧೯೯೮ರಲ್ಲಿ ಮಿನ್ನೆಸೋಟದ ಆಂಡ್ರಿಯಾಸ್ ಸ್ಟೈನ್ ಮತ್ತು ಸಂಗಡಿಗರು ಟೈಟೇನಿಯಂ ಮೊದಲಾದ ಲೋಹಗಳ ಆಕ್ಸೈಡುಗಳಿಂದಲೂ ಇಂಥ ಜೇನುಗೂಡಿನಂಥ ವಸ್ತುಗಳನ್ನು ಮಾಡಿದರು. ಗೋಲಗಳು ಒಂದನ್ನೊಂದು ಮುಟ್ಟಿದ್ದ ಕಡೆಯಲ್ಲಿ ಪೊಳ್ಳಿನಿಂದ ಪೊಳ್ಳಿಗೆ ಕಿಟಕಿಗಳು ಉಳಿಯುವುದರಿಂದ ದ್ರವವೂ ಗಾಳಿಯೂ ಒಳಗೆಲ್ಲ ಸಂಚರಿಸಬಲ್ಲುವು. ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸಲೂ, ವಿದ್ಯುತ್ಕೋಶಗಳ ಫಲಕಗಳನ್ನು ಮಾಡಲೂ, ಬಣ್ಣ ಬದಲಿಸಿ ಸುಳಿವು ಕೊಡುವ ಪರೀಕ್ಷಾವಸ್ತುಗಳನ್ನು ಮಾಡಲೂ ವಿದ್ವಾಂಸರು ಇವುಗಳನ್ನು ಪರಿಶೀಲಿಸುತ್ತಿದ್ದಾರೆ.

ಒಂದೇ ಒಂದು ಪದರ ಗೋಲಗಳನ್ನು ಗಾಜಿನ ಮೇಲೆ ಹರಡಿದರೆ ಅದು ರಂಗೋಲಿಯ ಅಚ್ಚಿನಂತೆ ಕೆಲಸ ಮಾಡುವುದು. ಮೇಲಿನಿಂದ ಬೆಳ್ಳಿಯ ಆವಿಯನ್ನು ಹಾಯಿಸಿದರೆ ಮೂರು ಗೋಲಗಳ ನಡುವಣ ಸಂದಿನಲ್ಲಿ ಮಾತ್ರ ಬಿದ್ದು, ಗೋಲಗಳನ್ನು ತೊಳೆದ ಮೇಲೆ ಮುಕ್ಕೋನದ ಬೆಳ್ಳಿಯ ಚುಕ್ಕಿಗಳು ಸಾಲಾಗಿ ಉಳಿಯುವುವು. ೧೯೮೦ರ ದಶಕದ ಆರಂಭದಲ್ಲಿ ತೋರಿಸಲ್ಪಟ್ಟ ಈ ಉಪಾಯದಿಂದ, ಬಹು ಬೆಲೆಯ ಯಂತ್ರಗಳಿಲ್ಲದ ಪ್ರಯೋಗಶಾಲೆಯವರೂ ನ್ಯಾನೋಮೀಟರಿನ ಚಿತ್ತಾರವನ್ನು ಬರೆಯಬಲ್ಲವರಾದರು.

ಎಚ್ಚರಿಕೆಯ ಮಾತು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ನಮ್ಮ ಕೆಲಸವು ಅರ್ಧವಾಗುವುದು. ಪಾಲಿಸ್ಟೈರೀನ್ ಬೇಗನೆ ಕೊಳೆಯುವ ಪದಾರ್ಥವಲ್ಲ. ಕಣ್ಣಿಗೆ ಕಾಣದ ಗೋಲವು ಬಚ್ಚಲಿಗೆ ಬಿದ್ದರೆ ಜರಡಿಗೂ ಸಿಗದು, ಮೀನಿನ ಹೊಟ್ಟೆಗೆ ಸೇರದೆಯೂ ಇರದು. ಮುಖ ತೊಳೆಯುವ ಲೇಪಗಳಲ್ಲಿ ಉಜ್ಜುವುದಕ್ಕಾಗಿ ಹಾಕುತ್ತಿದ್ದ ಪ್ಲಾಸ್ಟಿಕ್ ಕಣಗಳು ನದಿಗಳನ್ನೂ ಸರೋವರಗಳನ್ನೂ ಸೇರಿದುದರಿಂದ ಅಮೇರಿಕದವರು ೧೯೧೫ರ ಒಂದು ನೂರು ವರ್ಷಗಳ ಮೇಲೆ, ಎಂದರೆ ೨೦೧೫ರಲ್ಲಿ, ಅವುಗಳನ್ನು ನಿಷೇಧಿಸುವ ಕಾನೂನನ್ನು ಮಾಡಿದರು. ಆ ಕಣಗಳು ನಾವು ವರ್ಣಿಸಿದ ಅಳತೆಯ ಗೋಲಗಳಲ್ಲ. ಅಗ್ಗವಾದ, ಅಸಮವಾದ ಬೇರೆ ಪ್ಲಾಸ್ಟಿಕಿನವು. ಆದರೂ ಪಾಠವು ಎರಡಕ್ಕೂ ಒಂದೇ. ರೋಗವನ್ನು ಕಂಡುಹಿಡಿಯಲು ಒಂದು ಹನಿಯಷ್ಟು ಗೋಲಗಳನ್ನು ಬಳಸಿ, ಬಳಸಿದುದನ್ನು ಜೋಪಾನವಾಗಿ ಸುಡುವುದು ಬೇರೆ. ಸೌಂದರ್ಯಕ್ಕಾಗಿ ಕೋಟ್ಯಂತರ ಕಣಗಳನ್ನು ಹೊಳೆಗೆ ಬಿಡುವುದು ಬೇರೆ. ದೇಹದೊಳಗೆ ಔಷಧವನ್ನು ನಿಧಾನವಾಗಿ ಬಿಡುವುದಕ್ಕಾಗಿ ಮಾಡುವ ಸೂಕ್ಷ್ಮಗೋಲಗಳಿಗೆ, ತಾವಾಗಿ ಕರಗಿಹೋಗುವ ಪಾಲಿಮರುಗಳನ್ನು ಈಗಾಗಲೇ ಉಪಯೋಗಿಸುತ್ತಿದ್ದಾರೆ. ಅಂಥ ಪದಾರ್ಥಗಳ ಬಳಕೆಯು ಹೆಚ್ಚಬೇಕು. ಸ್ಟೈರೀನಿನ ಆವಿಯು ಆರೋಗ್ಯಕ್ಕೆ ಕೆಟ್ಟದ್ದಾದುದರಿಂದ ಮೇಲೆ ಹೇಳಿದ ಪ್ರಯೋಗವನ್ನು ಯಾರೂ ಮನೆಯಲ್ಲಿ ಮಾಡಕೂಡದೆಂದೂ ಇಲ್ಲಿಯೇ ತಿಳಿಸುತ್ತೇವೆ.

ನಾಣ್ಯಗಳ ಪ್ರಯೋಗಕ್ಕೆ ಮಾತ್ರ ಯಾವ ಅಪಾಯವೂ ಇಲ್ಲ. ಒಂದು ತಟ್ಟೆಯಲ್ಲಿ ಸಾಸಿವೆಯನ್ನು ಒಂದೇ ಪದರವಾಗಿ ಹರವಿ ಮೆಲ್ಲಗೆ ಅಲುಗಿಸಿ, ಕಾಳುಗಳು ಹೇಗೆ ಒಂದರ ಸುತ್ತ ಆರಾಗಿ ಕೂರಲು ಯತ್ನಿಸುವುವೆಂಬುದನ್ನೂ ಮಕ್ಕಳಿಗೆ ತೋರಿಸಬಹುದು. ಬಳಿಕ ನಾಲ್ಕು ಕಡಲೆಕಾಳುಗಳನ್ನು ಹಾಕಿ ಅಲುಗಿಸಿದರೆ ಸಾಲು ಎಲ್ಲೆಲ್ಲಿ ಮುರಿಯುವುದೆಂಬುದನ್ನು ಅವರೇ ಎಣಿಸಿ ಹೇಳುವರು. ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ ವಿದ್ವಾಂಸರು ಎಣಿಸುವುದೂ ಇದನ್ನೇ.